ದಿಬ್ಬದಡಿಯ ಬಟ್ಟಲು

ಸುಳ್ಳು ಹೇಳುವುದರಲ್ಲಿ ನಾನು ಅಂಥ ಜಾಣೆಯೇನಲ್ಲ. ಆದರೂ ಬೇಸಿಗೆಯಿಂದ ಹಿಂಗಾರಿ ಬಿತ್ತನೆಯವರೆಗೆ ಒಂದೇ ಸುಳ್ಳನ್ನು ಉಣ್ಣಿಸಿ ತಿನ್ನಿಸಿ ಸಾಕಿದ್ದೆ.

ವಿಜಯಪುರದ ಇಬ್ರಾಹಿಂಪುರದಲ್ಲಿ ನಮ್ಮ ಮನೆ. ಹಿತ್ತಲಿನ ಎರೆಮಣ್ಣು ಮಳೆ ಬಿದ್ದರೆ ಕಾಲು ಬಿಡುವುದಿಲ್ಲ, ಬಿಸಿಲು ಬಿದ್ದರೆ ಬಾಯಿ ಬಿಡುತ್ತದೆ. ಗುಂಡಿ ತೋಡಿ ಹಳೆಯ ಕಟ್ಟಿಗೆ ತುಂಬಿ, ಮೇಲೆ ಸೆಗಣಿ, ಒಣ ಎಲೆ, ಮಣ್ಣು ಹಾಕಿ ದಿಬ್ಬ ಮಾಡಿದರೆ, ಕಟ್ಟಿಗೆ ಕೊಳೆಯುತ್ತ ನೀರು ಹಿಡಿದಿಟ್ಟು ಗಿಡಕ್ಕೆ ಕೊಡುತ್ತದೆ ಎಂದು ಮೊಬೈಲಿನಲ್ಲಿ ಯಾರೋ ತೋರಿಸಿದರು. ನನಗೆ ಹುಚ್ಚು ಹತ್ತಿತು. ಬೇವಿನ ಟೊಂಗೆ, ಮುರಿದ ಮಂಚದ ಕಾಲು, ಹಳೆಯ ಬಾಗಿಲ ಚೌಕಟ್ಟು ಎಲ್ಲ ಗುಂಡಿಗೆ ಹೋದವು. ಸಾಲಲಿಲ್ಲ. ತಗಡಿನ ಪತ್ರಾಸಿನ ಕೆಳಗೆ ಗೋಣಿಚೀಲದಲ್ಲಿ ತೂತು ತೂತಿನ ಕಟ್ಟಿಗೆಯ ಬಟ್ಟಲೊಂದಿತ್ತು, ಅದನ್ನೂ ಒಗೆದೆ. ಒಳಗೆ ಹೋಗಿ ಚಹಾ ಕುಡಿದು ಬಂದು, ಅದೇ ಹುಮ್ಮಸ್ಸಿನಲ್ಲಿ ಸೆಗಣಿ ಸುರಿದು ಮಣ್ಣು ಮುಚ್ಚಿದೆ.

ಸಂಜೆ ಅತ್ತೆ ಕೇಳಿದರು: "ಕೂರಿಗಿ ಬಟ್ಟಲ ಎಲ್ಲೈತಿ ಬೇ?"

ಗುಂಡಿಗೆ ಒಗೆದ ತೂತಿನ ಬಟ್ಟಲು ಯಾವುದೆಂದು ಆಗ ಹೊಳೆಯಿತು. ಕಾಖಂಡಕಿಯಲ್ಲಿರುವ ನಮ್ಮ ಹೊಲವನ್ನು ಈಗ ಮೈದುನ ಟ್ರ್ಯಾಕ್ಟರಿನಲ್ಲೇ ಬಿತ್ತುತ್ತಾನೆ. ಆದರೆ ಅತ್ತೆ, ಎತ್ತು ಹೂಡಿ ಬಿತ್ತುತ್ತಿದ್ದ ಕಾಲದ ಕೂರಿಗೆಯ ಆ ಹಳೆಯ ಬೀಜದ ಬಟ್ಟಲಿಗೆ ವಿಭೂತಿ, ಕುಂಕುಮ ಹಚ್ಚಿ, ಹಸಿರು ಖಣ ಏರಿಸಿ, ಮೊದಲ ಮುಷ್ಟಿ ಜೋಳವನ್ನು ಅದರಿಂದಲೇ ಬಿಡುವವರೆಗೆ ಟ್ರ್ಯಾಕ್ಟರ್ ಚಾಲೂ ಆಗುವಂತಿಲ್ಲ. ಪೇಟೆಯಲ್ಲಿ ಬೆಳೆದ ನಾನು ಬಿತ್ತನೆಗೆ ಎಂದೂ ಹೋದವಳಲ್ಲ. ಕೇಳಿದ್ದೆ, ಕಂಡಿರಲಿಲ್ಲ.

"ಸೀಳಿತ್ತರಿ ಅತ್ತಿ, ಬಡಿಗ್ಯಾಗ ಕೊಟ್ಟೇನಿ," ಎಂದೆ.

ಅಲ್ಲಿಂದ ಆ ಬಡಿಗನ ಸಂಸಾರ ನನ್ನ ತಲೆಗೆ ಬಿತ್ತು. ಅತ್ತೆ ಕೇಳಿದಾಗಲೆಲ್ಲ ಅವನು ಊರಿಗೆ ಹೋದ, ಮಗಳ ಲಗ್ನ ಮಾಡಿದ, ಕೈಗೆ ಉಳಿ ತಾಗಿಸಿಕೊಂಡ. ಅತ್ತೆ ರೊಟ್ಟಿ ಮುರಿಯುತ್ತ, "ಪಾಪ, ಅವನ ಕೈ ಹೆಂಗೈತಿ ಈಗ?" ಎಂದು ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು. ದಿಬ್ಬದ ಮೇಲೆ ಬದನೆ ಮಾತ್ರ ನಾಚಿಕೆಯಿಲ್ಲದೆ ಕಾಯಿ ಬಿಟ್ಟಿತು.

ನಾಳೆ ಬಿತ್ತನೆ ಎಂದು ಮೈದುನನ ಫೋನು ಬಂತು. ಮಧ್ಯಾಹ್ನ ಅತ್ತೆ ಅಡ್ಡಾದದ್ದೇ ಸಲಿಕೆ ಹಿಡಿದೆ. ಬದನೆ ಗಿಡಗಳು ಬೇರುಸಮೇತ ಎದ್ದವು. ಕಟ್ಟಿಗೆಗಳನ್ನು ಒಂದೊಂದೇ ಎಳೆದೆ. ತಳ ಬಂತು, ಬಟ್ಟಲಿಲ್ಲ. ಗೆದ್ದಲು ತಿಂದೇ ಬಿಟ್ಟಿತೆಂದು ಗುಂಡಿಯ ದಂಡೆಗೆ ಕೂತು ಬಿಕ್ಕಿದೆ.

"ಅಳಬ್ಯಾಡ. ಬಡಿಗ್ಯಾ ಚಲೋ ಮಾಡ್ಯಾನ ನೋಡು."

ಹಿಂದೆ ಅತ್ತೆ ನಿಂತಿದ್ದರು. ಕೈಯಲ್ಲಿ ಎಣ್ಣೆ ಸವರಿದ ಬಟ್ಟಲು. ಅವತ್ತು ನಾನು ಚಹಾಕ್ಕೆ ಒಳಗೆ ಹೋದಾಗಲೇ ಅದನ್ನು ಗುಂಡಿಯಿಂದ ಎತ್ತಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರಂತೆ.

"ಆವಾಗ್ಲೇ ಹೇಳಬಾರದೇನ್ರಿ ಅತ್ತಿ?"

"ನೀ ಹೇಳ್ತೀಯೇನಂತ ಕಾದೆ. ನೀ ನೋಡಿದ್ರ ಬಡಿಗ್ಯಾನ ಮಗಳ ಲಗ್ನಾನ ಮಾಡಿ ಮುಗಿಸಿದಿ."

ಸಿಟ್ಟು ಬಂತು, ನಾಚಿಕೆ ಬಂತು, ಎರಡನ್ನೂ ದಾಟಿ ನಗು ಬಂತು. ಬಾಡುತ್ತಿದ್ದ ಬದನೆ ಗಿಡಗಳನ್ನು ನೋಡಿ ಹೊಟ್ಟೆಯೂ ಉರಿಯಿತು. ಕೈ ತೊಳೆಯಲು ಎದ್ದೆ.

"ನಾಳಿ ಹೊಲಕ್ಕ ನೀನೂ ಬಾ," ಎಂದರು ಅತ್ತೆ. "ಈ ಸಲ ಮೊದಲ ಮುಷ್ಟಿ ನೀನ ಬಿಡು. ಸಿಕ್ಕಿದ್ದೆಲ್ಲಾ ಮಣ್ಣಾಗ ಹಾಕೋ ಚಟ ಆ ಕೈಗೆ ಹೆಂಗೂ ಐತಿ."