ತೋಳು ಉದ್ದ, ವಯಸ್ಸಲ್ಲ

ನಮ್ಮ ಡ್ರಿಲ್ ಮೇಷ್ಟ್ರ ಎಡಭುಜಕ್ಕೂ ಕತ್ತಿಗೂ ನಡುವಿನ ಎಲುಬಿನ ಮೇಲೆ ನೆಲ್ಲಿಕಾಯಿ ಗಾತ್ರದ ಒಂದು ಗಂಟಿತ್ತು. ಹರೆಯದಲ್ಲಿ ಹಾಕಿ ಪಂದ್ಯ ಆಡುವಾಗ ಮುರಿದ ಎಲುಬು ಸೊಟ್ಟಗೆ ಕೂಡಿಕೊಂಡು ಆದದ್ದಂತೆ. ಯಾರ ಮಾತಿನ ಮೇಲಾದರೂ ಅನುಮಾನ ಬಂದರೆ ಅವರ ಬಲಗೈ ಹೆಬ್ಬೆರಳು ಅಂಗಿಯ ಮೇಲಿಂದಲೇ ಆ ಗಂಟನ್ನು ಉಜ್ಜಲು ಶುರುಮಾಡುತ್ತಿತ್ತು. ಅವರಿಗೆ ಎಲ್ಲರ ಮೇಲೂ ಅನುಮಾನ. ಅಂಗಿಯ ಆ ಜಾಗ ಮಾತ್ರ ಬೇಗ ಸವೆದು ತೆಳ್ಳಗಾಗುತ್ತಿತ್ತು.

ಎಪ್ಪತ್ತರ ದಶಕದ ಮಾತು. ಯಶವಂತಪುರದ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಓದುತ್ತಿದ್ದೆ. ಮೇಷ್ಟ್ರ ಮನೆ ಆರ್.ಟಿ. ನಗರದಲ್ಲಿ, ಮನೆಮಾತು ದಖನಿ ಉರ್ದು. ನಮ್ಮ ಜೊತೆ ಅಚ್ಚ ಬೆಂಗಳೂರು ಕನ್ನಡವೇ ಆದರೂ, ಸಿಟ್ಟು ಬಂದಾಗ ಮಾತ್ರ ಬೇಡ ಬೇಡ ಎನ್ನುವುದಕ್ಕೆ "ನಕ್ಕೋ, ನಕ್ಕೋ" ಎಂದು ತಲೆ ಕೊಡವುತ್ತಿದ್ದರು. ಹೊಟ್ಟೆನೋವು ಎಂದವಳ ಮೇಲೆ ಅವರಿಗೆ ಅನುಮಾನ, ಹೊಟ್ಟೆನೋವಿಲ್ಲ ಎಂದವಳ ಮೇಲೂ ಅನುಮಾನ. ಬೇರೆ ಶಾಲೆಯವರು ಕ್ರೀಡಾಕೂಟಕ್ಕೆ ವಯಸ್ಸು ಮೀರಿದವರನ್ನು ಕರೆತರುತ್ತಾರೆ ಎಂಬ ಅನುಮಾನವಂತೂ ಮೂರು ಹೊತ್ತೂ ಇತ್ತು. "ಬಾಯಿ ಏನ್ ಬೇಕಾದ್ರೂ ಹೇಳತ್ತೆ. ಎಲುಬನ್ನ ಕೇಳ್ಬೇಕು" ಎನ್ನುವುದು ಅವರ ಮಾತು.

ನಾವೇನು ಕಡಿಮೆಯೇ? ಹುಡುಗಿಯರ ಶಾಲೆಗೆ ಗಂಡಸು ಮೇಷ್ಟ್ರು ಯಾಕೆ, ಈತ ನಮ್ಮ ಮಣಿಕಟ್ಟು ಮೊಣಕಾಲುಗಳನ್ನು ಸಂತೆಯಲ್ಲಿ ಕುರಿ ನೋಡುವವರ ಹಾಗೆ ಯಾಕೆ ನೋಡುತ್ತಾರೆ ಎಂದು ನಾವೂ ಅನುಮಾನಪಡುತ್ತಿದ್ದೆವು. ಸತ್ಯ ಹೇಳಬೇಕೆಂದರೆ ಅವರು ಯಾವತ್ತೂ ನಮ್ಮನ್ನು ಬೆರಳಿನಿಂದ ಮುಟ್ಟಿದವರಲ್ಲ. ಏನೇ ತೋರಿಸುವುದಿದ್ದರೂ ಒಂದು ಬೇವಿನ ಕಡ್ಡಿಯಲ್ಲಿ ದೂರದಿಂದ ತೋರಿಸುತ್ತಿದ್ದರು. ನಾನು ಅದನ್ನೂ ನಾಟಕ ಅಂದುಕೊಂಡಿದ್ದೆ.

ಮೊದಲ ಪಾಠಕ್ಕೆ ಅವರು ಚೆಂಡು ತರಲಿಲ್ಲ. ಹೊಂಗೆಮರದ ಕೆಳಗೆ ಕೂರಿಸಿ, "ಎಲುಬು ಏನ್ ಮಾಡತ್ತೆ, ಹೇಳಿ" ಎಂದರು.

"ನಿಲ್ಲಿಸತ್ತೆ ಸಾರ್" ಎಂದಳು ಒಬ್ಬಳು.

"ಅಷ್ಟೇನಾ? ನಂಗ್ಯಾಕೋ ಅನುಮಾನ" ಎಂದು ಗಂಟು ಉಜ್ಜಿದರು. ಆಮೇಲೆ ಜಗಲಿಯ ಮೇಲಿದ್ದ ಶಾಲೆಯ ಹಳೇ ಬೀರುವಿನ ಬಾಗಿಲನ್ನು ತೆರೆದು ಮುಚ್ಚಿ ತೋರಿಸಿ, ಮೊಣಕಾಲು ಈ ಬಾಗಿಲಿನ ಕೀಲಿದ್ದ ಹಾಗೆ, ಒಂದೇ ಕಡೆ ಮಡಚುತ್ತದೆ ಎಂದರು. ಸೊಂಟದ ಕೀಲು ಒರಳಿನಲ್ಲಿ ಕೂತ ಗುಂಡು, ಎಲ್ಲಾ ಕಡೆ ತಿರುಗುತ್ತದೆ. ಮಾಂಸಖಂಡ ಹಗ್ಗದ ಹಾಗೆ ಎಳೆಯುತ್ತದೆ, ಎಲುಬು ಏತದ ಮರದ ಹಾಗೆ ಏಳುತ್ತದೆ, ಅದಕ್ಕೇ ನೀವು ಜಿಗಿಯುವುದು. ಕಬಡ್ಡಿಯಲ್ಲಿ ಬಿದ್ದರೂ ಗುಂಡಿಗೆ ಒಡೆಯದಿರುವುದು ಪಕ್ಕೆಲುಬಿನ ಪುಣ್ಯ. ಓಡಿ ದಣಿದಾಗ ಉಸಿರನ್ನು ಹೊತ್ತು ತಿರುಗುವ ರಕ್ತ ತಯಾರಾಗುವುದೂ ಎಲುಬಿನ ಒಳಗೇ. ಮೈಗೆ ಬೇಕಾದ ಸುಣ್ಣದ ಉಗ್ರಾಣವೂ ಅದೇ, ಹಾಗಾಗಿ ರಾಗಿಮುದ್ದೆ ಬಿಡಬೇಡಿ. ಕೊನೆಗೆ ಒಂದು ಮಾತು ಸೇರಿಸಿದರು: "ಬೆಳೆಯೋ ಮಕ್ಕಳ ಎಲುಬಿನ ತುದಿ ಇನ್ನೂ ಹಸಿ ಇರತ್ತೆ. ಹಸಿ ಗೋಡೆ ಮೇಲೆ ಯಾರಾದ್ರೂ ಸೂರು ಇಡ್ತಾರಾ?" ಈ ಕೊನೆಯ ಮಾತು ನನಗೇ ಬಂದು ತಗಲುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಾನು ಉದ್ದ ಜಿಗಿತದವಳು. ಎಸ್ಸೆಸ್ಸೆಲ್ಸಿ ವರ್ಷ ಜಿಲ್ಲಾ ಕೂಟಕ್ಕೆ ಆಯ್ಕೆಯಾದೆ. ಹಿರಿಯರ ವಿಭಾಗ, ಆದ್ದರಿಂದ ಅಭ್ಯಾಸವೂ ಕಠಿಣ. ಎರಡು ವಾರ ಕಳೆಯುವಷ್ಟರಲ್ಲಿ ಬಲ ಮೊಣಕಾಲ ಚಿಪ್ಪಿನ ಕೆಳಗೆ ಒಂದು ಉಬ್ಬು ಎದ್ದಿತು. ಮೆಟ್ಟಿಲು ಹತ್ತಿದರೆ ಜೀವ ಹೋಗುವಷ್ಟು ನೋವು. ನಾನು ಹಲ್ಲು ಕಚ್ಚಿಕೊಂಡು ಮುಚ್ಚಿಟ್ಟೆ. ಆದರೆ ಆ ಕಣ್ಣಿಗೆ ಮುಚ್ಚಿಡುವುದು ಯಾರಿಂದ ಸಾಧ್ಯ?

"ಏನಮ್ಮಾ, ಎಡಗಾಲಲ್ಲಿ ಯಾಕೆ ಎಗರ್ತಿದೀಯ? ಆ ಉಬ್ಬಿನ ಮೇಲೆ ನೀನೇ ಒತ್ತು, ನೋಡೋಣ."

ಒತ್ತಿದೆ. ಕಣ್ಣಲ್ಲಿ ನೀರು ಬಂತು.

"ವಯಸ್ಸೆಷ್ಟು?"

"ಹದಿನೈದು ಸಾರ್."

ಹೆಬ್ಬೆರಳು ಗಂಟಿಗೆ ಹೋಯಿತು. "ಈ ನೋವು ಸುಮ್ನೆ ಬರಲ್ಲ, ಇನ್ನೂ ಎಳೇ ಎಲುಬಿಗೆ ಬರೋದು. ನಿನ್ನ ಶಾಲೆಗೆ ಸೇರಿಸ್ದಾಗ ಏನ್ ನೋಡಿ ಸೇರಿಸಿದ್ರು?"

ನಾನು ಜಂಬದಿಂದಲೇ ಹೇಳಿದೆ. ನಮ್ಮೂರು ಬಾಗಲಗುಂಟೆಯ ಶಾಲೆಯಲ್ಲಿ ಆಗ ಹುಟ್ಟಿದ ತಾರೀಖಿನ ಚೀಟಿ ಯಾರ ಬಳಿಯೂ ಇರುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿತು ಎಂದು ಲೆಕ್ಕ. ನಾನು ಒಂದೇ ಸಲಕ್ಕೆ ಮುಟ್ಟಿದ್ದೆ.

"ಈಗ ಮುಟ್ಟು."

ಕೈ ತಲೆ ಬಳಸಿ, ಕಿವಿ ದಾಟಿ, ದವಡೆಯ ತನಕ ಬಂತು. ಸುತ್ತ ಇದ್ದ ಹುಡುಗಿಯರು ನಕ್ಕರು. ಮೇಷ್ಟ್ರು ನಗಲಿಲ್ಲ.

"ನಿಂದು ತೋಳು ಉದ್ದ ಕಣಮ್ಮ. ವಯಸ್ಸಲ್ಲ" ಎಂದು ಮೆಲ್ಲಗೆ ನನಗೊಬ್ಬಳಿಗೇ ಕೇಳುವಂತೆ ಹೇಳಿದರು.

ಅಂದು ಸಂಜೆ ಅವರು ಅಪ್ಪನ ಸೈಕಲ್ ಶಾಪಿಗೆ ಬಂದದ್ದನ್ನು ನಾನು ಎದುರಿನ ಅಂಗಡಿಯಿಂದ ನೋಡಿದೆ. ಏನು ಮಾತಾಡಿದರೋ ಕೇಳಿಸಲಿಲ್ಲ. ಅಪ್ಪ ಎದ್ದು ನಿಂತು ಕೈಮುಗಿದದ್ದು ಮಾತ್ರ ಕಂಡಿತು. ಮನೆಗೆ ಬಂದ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರು ತಂಡದ ಪಟ್ಟಿ ಓದಿದರು. ನನ್ನ ಹೆಸರಿರಲಿಲ್ಲ. ಆ ಜಾಗದಲ್ಲಿ ಒಬ್ಬ ಕಂಟ್ರಾಕ್ಟರ ಮಗಳ ಹೆಸರಿತ್ತು. "ಅಭ್ಯಾಸದಲ್ಲಿ ಶಿಸ್ತಿಲ್ಲ, ಅದಕ್ಕೇ ತೆಗೆದಿದೀನಿ" ಎಂದು ಇಡೀ ಶಾಲೆಯ ಎದುರು ಹೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆಮೇಲೆ ಎರಡೂ ಎರಡೂ ನಾಲ್ಕು ಎಂದು ನಾನೇ ಕೂಡಿಸಿಕೊಂಡೆ. ಕಂಟ್ರಾಕ್ಟರ ಮನೆಯಿಂದ ಇವರಿಗೆ ಏನೋ ಸಂದಾಯವಾಗಿದೆ. ಅಪ್ಪನನ್ನು ಹೆದರಿಸಿ ಬಾಯಿ ಮುಚ್ಚಿಸಿದ್ದಾರೆ. ಅನುಮಾನ ಪಡುವುದನ್ನು ಅವರೇ ಕಲಿಸಿದ್ದರಲ್ಲ.

ಇದನ್ನೇ ಒಂದು ಹಾಳೆಯಲ್ಲಿ ಬರೆದು, ಹೆಸರು ಹಾಕದೆ, ಹೆಡ್‌ಮಿಸ್ ಕೋಣೆಯ ಬಾಗಿಲ ಸಂದಿಯಲ್ಲಿ ತೂರಿಸಿದೆ. ಇಂಥ ಅರ್ಜಿಗೆ ಮೂಗರ್ಜಿ ಅನ್ನುತ್ತಾರೆ. ಮೂಗಿ ಅನ್ನಿಸಿಕೊಂಡರೂ ಅದು ಮಾಡುವ ಗಲಾಟೆ ಅಷ್ಟಿಷ್ಟಲ್ಲ. ವಿಚಾರಣೆ ನಡೆಯಿತು. ಮೇಷ್ಟ್ರ ಕೈಗೆ ಆ ಹಾಳೆಯನ್ನೇ ಕೊಟ್ಟು, ಹುಡುಗಿಯನ್ನು ಯಾಕೆ ತೆಗೆದಿರಿ ಎಂದು ಕೇಳಿದರಂತೆ. "ಶಿಸ್ತಿಲ್ಲ, ಅಷ್ಟೇ" ಎಂದರಂತೆ, ಮತ್ತೆ ಮತ್ತೆ ಕೇಳಿದರೂ ಅಷ್ಟೇ. ತಿಂಗಳೊಳಗೆ ಹೆಸರಘಟ್ಟದ ಆಚೆಯ ಒಂದು ಶಾಲೆಗೆ ವರ್ಗವಾಯಿತು. ಎರಡು ಬಸ್ಸು ಬದಲಾಯಿಸಿ ಹೋಗುವ ಊರು. ಬೀಳ್ಕೊಡುಗೆಗೆ ಒಂದು ಹಾರವನ್ನೂ ಯಾರೂ ತರಲಿಲ್ಲ. ನಾನು ಒಳಗೊಳಗೇ ಖುಷಿಪಟ್ಟೆ. ಜಿಗಿಯುವುದು ನಿಂತದ್ದರಿಂದ ಕಾಲು ನೋವು ತಾನಾಗಿ ಇಳಿಯಿತು, ಎಸ್ಸೆಸ್ಸೆಲ್ಸಿ ಮೊದಲ ದರ್ಜೆಯಲ್ಲಿ ಪಾಸಾಯಿತು.

ನನಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕ ದಿನ ಅಪ್ಪ ಬಾಯಿಬಿಟ್ಟ.

"ಆವತ್ತು ಆ ಮೇಷ್ಟ್ರು ಒಂದ್ ಮಾತು ಆಡಿದ್ರೆ ಇಂಗೆ ಕೆಲ್ಸ ಎಲ್ಲಿ ಸಿಕ್ತಿತ್ತವ್ವ? ನಿಂಗೆ ಆಗ ಹದಿನಾಲ್ಕೂ ತುಂಬಿರ್ಲಿಲ್ಲ. ನಿಮ್ಮವ್ವ ಬಾಣಂತಿ, ಮನ್ಯಾಗೆ ನೋಡ್ಕಳೋರಿಲ್ಲ ಅಂತ ನಾಲ್ಕೂವರೆ ವರ್ಸಕ್ಕೇ ನಿನ್ನ ಇಸ್ಕೂಲಿಗೆ ತಳ್ಳಿದ್ದೆ. ಕೈ ಉದ್ದಿತ್ತು, ಕಿವಿಗೆ ಸಿಕ್ತು. ಗೊತ್ತಾಗಿದ್ರೆ ವಯಸ್ಸು ಸಾಲ್ದು ಅಂತ ಪರೀಕ್ಸೆಗೆ ಕೂರುಸ್ತಿರ್ಲಿಲ್ಲ. ಒಂದು ಸಲ ಮನೇಲಿ ಕೂತಿದ್ರೆ ನಿಮ್ಮಜ್ಜಿ ಮದ್ವೆ ಮಾಡ್ಸಿಬಿಡ್ತಿದ್ಲು. ‘ಕಾಲುನೋವು ಅಂದ್ರೆ ಡಾಕ್ಟ್ರು ವಯಸ್ಸು ಕೇಳ್ತಾರೆ, ಶಿಸ್ತಿಲ್ಲ ಅಂತೀನಿ. ಕಾಲು ಉಳಿಸ್ಬೇಕು, ಪರೀಕ್ಷೆನೂ ಉಳಿಸ್ಬೇಕು, ಬೈಗುಳ ನಂಗಿರ್ಲಿ’ ಅಂದ್ರು ಆ ಮಹಾನುಭಾವ."

ಕೇಳಿದವಳಿಗೆ ಹೋಗಿ ಕ್ಷಮೆ ಕೇಳಬೇಕು ಅನ್ನಿಸಿತು. ಆದರೂ ಅವರನ್ನು ಹುಡುಕಿಕೊಂಡು ಹೋಗುವ ಧೈರ್ಯ ಬರಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರು ನಿವೃತ್ತರಾಗಿ, ಬಚ್ಚಲಲ್ಲಿ ಜಾರಿಬಿದ್ದು, ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ನಾನು ಹೋದಾಗ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ, "ಇದು ನನ್ನ ಸೊಂಟಾನೇ ಅಂತ ಏನ್ ಗ್ಯಾರಂಟಿ?" ಎಂದು ನರ್ಸಮ್ಮನ ಜೊತೆ ಜಗಳವಾಡುತ್ತಿದ್ದರು.

ನನ್ನನ್ನು ಗುರುತು ಹಿಡಿದರು. "ಮೊಣಕಾಲು ಹೇಗಿದೆಯಮ್ಮಾ?" ಎಂಬುದೇ ಮೊದಲ ಮಾತು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಬಿಟ್ಟು, ನೋವಿಲ್ಲ ಸಾರ್ ಎಂದಷ್ಟೇ ಹೇಳಿದೆ. ಹೇಗೂ ಮೂಗರ್ಜಿ ಬರೆದವಳು ನಾನೆಂದು ಅವರಿಗೆ ಗೊತ್ತಿಲ್ಲ, ಈ ಸ್ಥಿತಿಯಲ್ಲಿ ಹೇಳಿ ಯಾಕೆ ನೋಯಿಸಲಿ ಎಂದು ಮನಸ್ಸು ನೆಪ ಹುಡುಕಿತು. ಅವರ ಮಗ ಔಷಧಿ ತರಲು ಹೋಗಿದ್ದ. ಆಪರೇಷನ್ನಿನ ಒಪ್ಪಿಗೆಯ ಕಾಗದ ತುಂಬಬೇಕಿತ್ತು, ಮಲಗಿದಲ್ಲೇ ಮೇಷ್ಟ್ರಿಗೆ ಅಷ್ಟೆಲ್ಲ ಬರೆಯಲು ಆಗುತ್ತಿರಲಿಲ್ಲ. ನಾನೇ ಕನ್ನಡದಲ್ಲಿ ವಿವರಗಳನ್ನೆಲ್ಲ ಬರೆದು, ಸಹಿಗೆಂದು ಅವರ ಮುಂದೆ ಹಿಡಿದೆ.

ಅವರು ಸಹಿ ಮಾಡದೆ ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದು ಬಹಳ ಹೊತ್ತು ನೋಡಿದರು.

"‘ಳ’ದ ಬಾಲ ಇನ್ನೂ ಅಷ್ಟುದ್ದ ಬಿಡ್ತೀಯಲ್ಲಮ್ಮ" ಎಂದರು. ಅನುಮಾನವೇ ಇಲ್ಲದ ದನಿ. ಸಹಿ ಮಾಡಿ ಕಾಗದವನ್ನು ನನ್ನ ಕೈಗಿಟ್ಟರು.

ಆ ಆಸ್ಪತ್ರೆಯಿಂದ ಅವರು ಮನೆಗೆ ಮರಳಲಿಲ್ಲ. ಡ್ರಿಲ್ ಪಾಠಕ್ಕೆ ನೋಟ್‌ಬುಕ್ಕಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ನನ್ನ ಕನ್ನಡ ಬರವಣಿಗೆಯನ್ನು ಅವರು ಜೀವಮಾನದಲ್ಲಿ ಅದಕ್ಕೆ ಮುಂಚೆ ನೋಡಿದ್ದು ಒಂದೇ ಒಂದು ಹಾಳೆಯಲ್ಲಿ.