ಎದೆಯೊಳಗಿನ ಸೆಲ್ಲು

ಎದೆಯಲ್ಲಿ ಲಿಥಿಯಂ ಬ್ಯಾಟರಿ ಇಟ್ಟುಕೊಂಡು ವಿಮಾನ ಹತ್ತಿದ ಸಿರುಗುಪ್ಪದ ಮೊದಲ ಗಂಡು ನಾನೇ! ಬೆಂಗಳೂರಿನಲ್ಲಿ ಹೃದಯ ಬಡಿಯುವಂತೆ ಮಾಡುವ ಯಂತ್ರ ಕೂಡಿಸಿಕೊಂಡು, ಬಳ್ಳಾರಿಯ ಸಣ್ಣ ವಿಮಾನಕ್ಕೆ ಬಂದಿದ್ದೆ. ತಪಾಸಣೆಯ ಅಧಿಕಾರಿ ನಮ್ಮ ಟಾರ್ಚಿನ ಸೆಲ್ಲು ತೆಗೆದಿಟ್ಟು, "ಸರ್ಕಾರದ ಆರ್ಡರು. ಬೇರೆ ಸೆಲ್ಲು ಇದೆಯಾ?" ಎಂದ.

ಸುಳ್ಳು ಬಾರದ ನನ್ನ ಹೆಂಡತಿ ನನ್ನ ಎದೆ ತೋರಿಸಿದಳು. "ಇದರೊಳಗ ಒಂದು ಐತ್ರಿ ಸಾಹೇಬ್ರ. ಅದನ್ನ ತಗೀಬ್ಯಾಡ್ರಿ, ಅದರಾಗ ಇವರ ಜೀವ ಐತಿ. ಬೇಕಾದ್ರ ಊರತನಕ ನಡಕೋತ ಹೋಗ್ತೀವಿ."

ಅಧಿಕಾರಿ ಆಸ್ಪತ್ರೆಯ ಚೀಟಿ ನೋಡಿ ಮೆತ್ತಗೆ ನಕ್ಕ. "ಇದನ್ನು ತೆಗೆಯೋ ಆರ್ಡರು ಯಾರಿಗೂ ಇಲ್ಲಮ್ಮ. ಜೋಪಾನವಾಗಿ ಕರಕೊಂಡು ಹೋಗಿ."

ಅದನ್ನೇ ಆಕೆ ಆರ್ಡರು ಅಂದುಕೊಂಡಳು. ಬಳ್ಳಾರಿಯಲ್ಲಿ ಇಳಿಯುವ ತನಕ ನನ್ನ ಎದೆಯ ಮೇಲಿಟ್ಟ ಅಂಗೈ ತೆಗೆಯಲಿಲ್ಲ. ಸರ್ಕಾರ ನನ್ನನ್ನು ಅಂದೇ ಬಿಟ್ಟಿತು. ಇವಳ ತಪಾಸಣೆ ಇವತ್ತಿಗೂ ನಡೆದಿದೆ, ಎಣ್ಣೆಯ ಮಿರ್ಚಿ ಬಜ್ಜಿ ತಿಂದ ದಿನ ತುಸು ಜೋರಾಗಿ.