ಕಿಟಕಿಯಲ್ಲಿಟ್ಟ ಚೀಸು

ಯಾದಗಿರಿಯ ನಮ್ಮ ಬಾಡಿಗೆ ಮನೆಯ ಮಾಲಕಿಯ ಮೂಗು ಊರಿಗೇ ದೊಡ್ಡದು. ಮುದನಾಳ ಹಳ್ಳಿಯಿಂದ ಬಂದಿದ್ದ ನಮ್ಮವ್ವ ಹಂಚಿನ ಮೇಲೆ ಒಣಮೀನು ಹುರಿದಳೆಂದರೆ ಸಾಕು, ಸೆರಗನ್ನು ಮೂಗಿಗೊತ್ತಿಕೊಂಡು ಮಹಡಿಯಿಂದ ಇಳಿದು ಬರುತ್ತಿದ್ದಳು. ಮೂರನೇ ಸಲ, "ಇನ್ನೊಮ್ಮೆ ಈ ವಾಸನಿ ಬಂತಂದ್ರ ಮನಿ ಖಾಲಿ ಮಾಡ್ರಿ" ಅಂದಳು. ನಮ್ಮ ಕೇರಿ ಯಾವುದೆಂದು ತಿಳಿದ ಮೇಲೂ ಮನೆ ಕೊಟ್ಟವಳು ಅವಳೊಬ್ಬಳೇ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಅವ್ವ ಮೀನಿನ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದಳು. ಅಂದಿನಿಂದ ಅರ್ಧ ರೊಟ್ಟಿಗೇ ಊಟ ಬಿಟ್ಟು ಏಳತೊಡಗಿದಳು.

ಆಗ ಸ್ಟೇಷನ್ ರಸ್ತೆಯಲ್ಲಿ ಒಂದು ಅಂಗಡಿ ಬಂತು. ಹೈದರಾಬಾದಿನ ದೊಡ್ಡ ಅಂಗಡಿಗಳಲ್ಲಿ ಖರ್ಚಾಗದ, ತಾರೀಖು ಮುಗಿಯಲು ಬಂದ ಫಾರಿನ್ ಚೀಸು ಅಲ್ಲಿ ಅರ್ಧ ಬೆಲೆಗೆ. ಶಹಾಪುರ, ಸುರಪುರದಿಂದಲೂ ಕಾರು ಮಾಡಿಕೊಂಡು ಬರುತ್ತಿದ್ದರು. ಹೆಸರು ಓದಲು ಬಾರದವರೂ ಅದರ ರುಚಿಯ ಬಗ್ಗೆ ಭಾಷಣ ಬಿಗಿಯುತ್ತಿದ್ದರು. ಅದೆಂಥ ಮಾಯೆಯೋ ನೋಡೋಣವೆಂದು ನಾನೂ ಹೋದೆ.

ಗಾಜಿನ ಫ್ರಿಜ್ಜಿನ ಮುಂದೆ ನಮ್ಮ ಮಾಲಕಿ! ರುಚಿಗೆಂದು ಕೊಟ್ಟ, ನೀಲಿ ಬೂಷ್ಟು ಹಿಡಿದ ತುಂಡನ್ನು ಅದೇ ಮೂಗಿಗೆ ಹಿಡಿದಿದ್ದಳು. ನನ್ನ ಕಡೆಗೂ ಚಾಚಿದಳು. ತೊಯ್ದ ಕಾಲುಚೀಲದ ನಾತ.

"ನಾರ್ತದಲ್ರಿ ಅಕ್ಕಾರ" ಅಂದೆ.

"ನಿಮಗ ತಿಳಿಯಂಗಿಲ್ಲ ಬಿಡ್ರಿ. ಫಾರಿನ್ದು ಹಿಂಗ ಇರ್ತದ. ವಾಸನಿ ಬಂದಷ್ಟೂ ಅಸಲಿ ಮಾಲ್."

ಮೈಯೆಲ್ಲ ಉರಿಯಿತು. ಅದೇ ಚೀಸು ಕೊಂಡೆ. ಮನೆಗೆ ಬಂದು ಬಿಚ್ಚಿ ಕಿಟಕಿಯಲ್ಲಿಟ್ಟೆ. "ಯವ್ವಾ, ಇವತ್ತ ಮೀನ ಹುರಿ. ಆಕಿ ಬಂದ್ರ ಚೀಸಿನ ವಾಸನಿ ಅಂತೀನಿ." ಅವ್ವ ಒಲೆಯ ಮೇಲೆ ಹಂಚಿಟ್ಟಳು.

ಮಾಲಕಿ ಇಳಿದು ಬಂದಳು. ಸೆರಗು ಮೂಗು ಮುಟ್ಟುವ ಮೊದಲೇ ಕಿಟಕಿಯ ಚೀಸು ಕಂಡಿತು. ಕೈ ಕೆಳಗಿಳಿಯಿತು.

"ಅಯ್ಯ, ಇದೇನ್ರಿ! ನಾ ಏನೋ ಅಂತ ಬಂದೆ. ಎಷ್ಟ ಛಲೋ ವಾಸನಿ!"

ಅವ್ವನ ಮೀನಿನ ಹೊಗೆಯನ್ನು ಕಣ್ಣು ಮುಚ್ಚಿ ಎಳೆದುಕೊಂಡಳು. ನಾನು ಹಲ್ಲು ಕಿರಿದು ತಲೆಯಾಡಿಸಿದೆ. ಅಷ್ಟರಲ್ಲಿ ಅವ್ವ ತಟ್ಟೆ ಹಿಡಿದು ಹೊರಬಂದಳು.

"ಅದು ಚೀಸಿಂದಲ್ರಿ ಅಕ್ಕಾರ, ಮೀನಿಂದು. ನನ್ನ ಮಗ ಅಂಜ್ತಾನ, ನಾ ಅಂಜಂಗಿಲ್ಲ."

ಹೊಸ್ತಿಲ ಮೇಲೆ ಕೂತು, ಅವಳೆದುರೇ ಎರಡು ರೊಟ್ಟಿ ಉಂಡಳು.

ತಿಂಗಳ ಕೊನೆಗೆ ಮನೆ ಬಿಟ್ಟೆವು. ಆ ಮಾಲಕಿಯನ್ನು ನೆನೆದರೆ ನನಗೆ ಇಂದಿಗೂ ಹೇಸಿಗೆ. ಕಿಟಕಿಯಲ್ಲಿ ಚೀಸು ಇಟ್ಟವನನ್ನು ನೆನೆದರೆ ಅದಕ್ಕಿಂತ ಹೆಚ್ಚು.